ಬಾಳವ್ವನ ತಕರಾರು

ಕಂಪನಿ ಶಿವಯೋಗೀಶನಿಗೆ ಕೊಟ್ಟ ಹುದ್ದೆಯ ಹೆಸರು ಸಮುದಾಯ ಸಂಪರ್ಕ ಅಧಿಕಾರಿ. ಹಾಗೆಂದರೇನು ಎಂಬುದು ಮಾಳಮಡ್ಡಿಯ ಅವನ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಅವನ ಹೆಂಡತಿ ರಜನಿ, "ಫ್ಯಾಕ್ಟರ್‍ಯಾಗ ಅದಾರ್ರಿ" ಎಂದಷ್ಟೇ ಹೇಳುತ್ತಿದ್ದಳು.

ಕಂಪನಿ ಇದ್ದದ್ದು ಧಾರವಾಡದಿಂದ ಬೆಳಗಾವಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ನೆಲ್ಲಿಗಟ್ಟಿ ಎಂಬ ಹಳ್ಳಿಗೆ ಅಂಟಿಕೊಂಡು. ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಮಾಡಿ, ಅವಕ್ಕೆ ನಿಕ್ಕಲ್ ಲೇಪ ಕೊಟ್ಟು, ಜರ್ಮನಿಯ ಒಂದು ದೊಡ್ಡ ಕಂಪನಿಗೆ ಕಳಿಸುವುದು ಅದರ ಕೆಲಸ. ಜರ್ಮನಿಯವರದು ಒಂದು ಷರತ್ತಿತ್ತು. ಕಾರ್ಖಾನೆಯ ಸುತ್ತಲಿನ ಜನ ದೂರು ಕೊಟ್ಟರೆ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಕೊನೆಗೆ ದೂರು ಕೊಟ್ಟವರಿಂದ 'ನನಗೆ ಸಮಾಧಾನವಾಗಿದೆ' ಎಂಬುದರ ಕೆಳಗೆ ಸಹಿ ಮಾಡಿಸಬೇಕು. ವರ್ಷಕ್ಕೊಮ್ಮೆ ಅವರ ಕಡೆಯವರು ಬಂದು ಪುಸ್ತಕ ತಪಾಸಣೆ ಮಾಡುತ್ತಿದ್ದರು. ದೂರು ಯಾವುದರ ಬಗ್ಗೆ ಇರಬೇಕು ಎಂದು ಮಾತ್ರ ಷರತ್ತಿನಲ್ಲಿ ಬರೆದಿರಲಿಲ್ಲ.

ಮೊದಲ ಮೂರು ತಿಂಗಳು ಯಾರೂ ಬರಲಿಲ್ಲ. ಶಿವಯೋಗೀಶ ಗೇಟಿನ ಪಕ್ಕದ ಕೋಣೆಯಲ್ಲಿ ಖಾಲಿ ಪುಸ್ತಕದ ಮುಂದೆ ಕೂತು ಮನೆಗೆ ಹೋಗುತ್ತಿದ್ದ. ನಾಲ್ಕನೇ ತಿಂಗಳು ಮೈಲಾರಲಿಂಗಪ್ಪ ಎಂಬ ರೈತ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

"ಮುಂಜಾನಿ ಒಂಬತ್ತರ ಬಸ್ ನಮ್ಮ ಕ್ರಾಸಿಗೆ ನಿಂದ್ರಂಗಿಲ್ರಿ. ಇದನ್ನೂ ಬರಕೋತೀರೇನು?"

ಶಿವಯೋಗೀಶನಿಗೆ ಬೇರೆ ಕೆಲಸವಿರಲಿಲ್ಲ. ಬರೆದುಕೊಂಡ. ಕಂಪನಿಯ ಹೆಸರಿದ್ದ ದಪ್ಪ ಕಾಗದದಲ್ಲಿ ಡಿಪೊಕ್ಕೆ ಪತ್ರ ಹಾಕಿದ. ಐದನೇ ದಿನ ಬಸ್ಸು ಕ್ರಾಸಿನಲ್ಲಿ ನಿಂತಿತು.

ಆಮೇಲೆ ಊರಿಗೆ ಊರೇ ಬಂತು. ಬೀದಿ ದೀಪ, ನಿಂತುಹೋದ ವೃದ್ಧಾಪ್ಯ ವೇತನ, ಪಕ್ಕದ ಮನೆಯ ಆಡು. ರುಕ್ಮವ್ವ ಎಂಬ ಮುದುಕಿ ತನ್ನ ಸೊಸೆ ಎರಡು ತಿಂಗಳಿಂದ ಮಾತಾಡುತ್ತಿಲ್ಲವೆಂದು ದೂರು ಬರೆಸಿದಳು. 'ತಮ್ಮ ದೂರನ್ನು ಪರಿಶೀಲಿಸಲಾಗಿದೆ. ಇದು ಕಂಪನಿಯ ವ್ಯಾಪ್ತಿಗೆ ಬರುವುದಿಲ್ಲ. ಆದಾಗ್ಯೂ ತಾವಿಬ್ಬರೂ ಬಂದು ಚಹಾ ಕುಡಿದು ಹೋಗಬೇಕಾಗಿ ವಿನಂತಿ' ಎಂದು ಶಿವಯೋಗೀಶ ಆರನೇ ದಿನ ಉತ್ತರ ಬರೆದ. ಇಬ್ಬರೂ ಬಂದರು. ಚಹಾದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂಬ ವಿಷಯದಲ್ಲಿ ಅತ್ತೆ ಸೊಸೆಗೆ ಒಮ್ಮತವಾಗಿ ಮಾತು ಶುರುವಾಯಿತು. ರುಕ್ಮವ್ವ ಹೆಬ್ಬೆಟ್ಟು ಒತ್ತಿದಳು.

ಎರಡು ವರ್ಷದಲ್ಲಿ ತೊಂಬತ್ತಾರು ದೂರು ಬಂದವು, ತೊಂಬತ್ತಾರೂ ಮುಗಿದವು. ಕಾರ್ಖಾನೆಯ ಮುಖ್ಯಸ್ಥ ಏಕನಾಥ ಅವರು ಹೊರಗಿನಿಂದ ಯಾರು ಬಂದರೂ ಮೊದಲು ಆ ಪುಸ್ತಕವನ್ನೇ ತೋರಿಸುತ್ತಿದ್ದರು.

ತೊಂಬತ್ತೇಳನೆಯದು ಬಾಳವ್ವನದು.

ಬಾಳವ್ವನಿಗೆ ಐವತ್ತೈದು ದಾಟಿತ್ತು. ಕಾರ್ಖಾನೆಯ ಹಿಂದಿನ ಗೋಡೆಗೆ ಹೊಂದಿಕೊಂಡೇ ಅವಳ ಹೊಲ, ಹೊಲದಲ್ಲಿ ಬಾವಿ, ಬಾವಿಯ ಹತ್ತಿರ ಮನೆ, ಮೂರು ಎಮ್ಮೆ. ಹಾಲೆಲ್ಲ ಕಂಪನಿಯ ಕ್ಯಾಂಟೀನಿಗೆ ಹೋಗುತ್ತಿತ್ತು. ಕಂಪನಿ ಊರಿನ ಹೆಂಗಸರಿಗಾಗಿ ನಡೆಸಿದ ಅಕ್ಷರ ವರ್ಗದಲ್ಲಿ ಅವಳೇ ಮೊದಲ ನಂಬರು. ಸ್ಟೀಲಿನ ಡಬ್ಬಿ ಬಹುಮಾನ ಬಂದಿತ್ತು.

"ಬಾವಿ ನೀರು ನಾರತೈತ್ರಿ ಸಾಹೇಬ್ರ. ಎಮ್ಮಿ ಮೂಗ ಹಚ್ಚತಾವ, ಹಿಂದ ಸರೀತಾವ. ದಿನಾ ಬೈದು ಕುಡಸಬೇಕಾಗೇತಿ."

"ಯಾವಾಗಿಂದ್ರಿ?"

"ನಿಮ್ಮ ಲೇಪದ ಹೊಸಾ ಶೆಡ್ ಚಾಲೂ ಆದಾಗಿಂದ."

ಶಿವಯೋಗೀಶ ಅರ್ಧ ಸಾಲು ಬರೆದು ನಿಂತ. ಕಂಪನಿಯ ಪುಸ್ತಕಕ್ಕೆ ಕಂಪನಿಯ ಬಗ್ಗೆ ಬಂದ ಮೊದಲ ದೂರು ಇದು ಎಂಬುದು ಆಗ ಅವನ ಗಮನಕ್ಕೆ ಬಂತು.

"ಬರೀರಿ" ಎಂದಳು ಬಾಳವ್ವ. "ಏನರ ಇದ್ರ ಬರಸ್ರಿ ಅಂತ ನೀವ ಅಂದೀರಲ್ಲ."

ಅವನು ಬರೆದ. ಏಕನಾಥ ಓದಿ, "ಒಂದ ಟ್ಯಾಂಕರ್ ನೀರು ಕಳಸ್ರಿ ಆಕಿಗೆ, ದಿನಾ" ಎಂದರು. ಕಂಪನಿಯ ಹೆಸರನ್ನು ಎರಡೂ ಬದಿಗೆ ಬರೆಸಿದ ಟ್ಯಾಂಕರು ಮರುದಿನದಿಂದಲೇ ಬಾಳವ್ವನ ಅಂಗಳಕ್ಕೆ ಬಂತು. ಏಳನೇ ದಿನ ಶಿವಯೋಗೀಶ ಪುಸ್ತಕ ಹಿಡಿದು ಸಹಿಗೆ ಹೋದ. ಬಾಳವ್ವ ಸಾಲಿನ ಕೆಳಗೆ ಬೆರಳು ಸರಿಸುತ್ತ ಓದಿದಳು.

"ನನಗೆ ಸಮಾಧಾನವಾಗಿದೆ." ಬೆರಳು ಅಲ್ಲಿಗೆ ನಿಂತಿತು. "ಟ್ಯಾಂಕರ್ ಛಲೋ ಐತ್ರಿ. ಆದ್ರ ನಾ ಟ್ಯಾಂಕರ್ ಬೇಕಂತ ಬರಸಿಲ್ಲಲ್ಲ. ಬಾವಿ ಬಗ್ಗೆ ಬರಸೇನಿ." ಪುಸ್ತಕವನ್ನು ಹಿಂದಕ್ಕೆ ಕೊಟ್ಟಳು.

ಆಮೇಲೆ ನೀರಿನ ಪರೀಕ್ಷೆಯಾಯಿತು. ಎಲ್ಲವೂ ಮಿತಿಯೊಳಗಿದೆ ಎಂದು ವರದಿ ಬಂತು. ಮಾದರಿ ತೆಗೆದ ಸ್ಥಳ ಎಂಬಲ್ಲಿ 'ಮುಖ್ಯ ಗೇಟಿನ ಬೋರ್‌ವೆಲ್' ಎಂದಿತ್ತು. ಶಿವಯೋಗೀಶ ಅದನ್ನು ಏಕನಾಥರಿಗೆ ತೋರಿಸಿದ.

"ಭೂಮಿ ಒಳಗ ನೀರೆಲ್ಲಾ ಒಂದಕ್ಕೊಂದು ಕೂಡೇ ಇರತೈತಿ" ಎಂದರು ಏಕನಾಥ. ಹಾಗಿದ್ದರೆ ಆ ಬಾವಿಯದು ಈ ಗೇಟಿಗೂ ಬರುತ್ತದಲ್ಲ ಎಂದು ಶಿವಯೋಗೀಶನಿಗೆ ಅನ್ನಿಸಿತು. ಏಕನಾಥರಿಗೂ ಏನೋ ಅನ್ನಿಸಿರಬೇಕು. ಕೈಯಲ್ಲಿದ್ದ ಚಹಾದ ಕಪ್ಪನ್ನು ನೋಡಿ, ಕ್ಯಾಂಟೀನ್ ನೋಡಿಕೊಳ್ಳುವ ಮುಕ್ತಾರನನ್ನು ಕರೆಸಿ, ಹಾಲು ಎಲ್ಲಿಂದ ಬರುತ್ತದೆ ಎಂದು ಕೇಳಿದರು.

"ಬಾಳವ್ವನ ಮನೀದರಿ ಸರ್. ಖರೇ ಎಮ್ಮಿ ಹಾಲು."

ಏಕನಾಥ ಕಪ್ಪನ್ನು ಮೇಜಿನ ಮೇಲಿಟ್ಟರು. ಮರುದಿನದಿಂದ ಕ್ಯಾಂಟೀನಿಗೆ ಪಾಕೀಟು ಹಾಲು ಬಂತು.

ಗೇಟಿನಲ್ಲಿ ಬೇಡವೆಂದು ಹಿಂದಿರುಗಿಸಿದ ತುಂಬಿದ ಕ್ಯಾನನ್ನು ಹಿಡಿದುಕೊಂಡು ಬಾಳವ್ವ ನೇರ ಶಿವಯೋಗೀಶನ ಕೋಣೆಗೆ ಬಂದಳು. ಅವನು ವರದಿ ಕೊಟ್ಟ. ಅವಳು ಪೂರ್ತಿ ಓದಿದಳು. ಸಮಯ ಹಿಡಿಯಿತು.

"ಎಲ್ಲಾ ಮಿತಿಯೊಳಗ ಐತಿ ಅಂತ ಬರದಾರ."

"ಹೌದ್ರಿ."

"ಮತ್ತ ನನ್ನ ಹಾಲ ಯಾಕ ಬ್ಯಾಡಾತು?"

ಶಿವಯೋಗೀಶ ಆ ಪ್ರಶ್ನೆಯನ್ನೂ ಅವಳ ದೂರಿನ ಕೆಳಗೆ ಬರೆದುಕೊಂಡ. ಏಳನೇ ದಿನ 'ತಮ್ಮ ದೂರು ಪರಿಶೀಲನೆಯಲ್ಲಿದೆ' ಎಂದು ಪತ್ರ ಬರೆದು ತಾನೇ ಒಯ್ದು ಕೊಟ್ಟ. ಮುಂದಿನ ವಾರ ಮತ್ತೊಂದು ಪತ್ರ, ಅದರ ಮುಂದಿನ ವಾರ ಇನ್ನೊಂದು. ಬಾಳವ್ವ ಎಲ್ಲವನ್ನೂ ಸ್ಟೀಲಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಒಂದು ದಿನ ಚಹಾ ಕೊಟ್ಟಳು. ಅವನು ಲೋಟ ಹಿಡಿದು ಕೂತ.

"ಕುಡೀರಿ" ಎಂದಳು. "ನಿಮ್ಮ ಟ್ಯಾಂಕರ್ ನೀರಾಗ ಮಾಡೇನಿ. ಹಾಲೂ ಪಾಕೀಟಿಂದ."

ಅವನು ಕುಡಿದ. ಮನೆಗೆ ಬಂದು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದಾಗ ರಜನಿ ಕೇಳಿದಳು, "ಯಾಕ, ಯಾರರ ಏನರ ಅಂದ್ರೇನು?"

"ಯಾರೂ ಏನೂ ಅನ್ನಲಿಲ್ಲ" ಎಂದ. ಅದೇ ತೊಂದರೆಯಾಗಿತ್ತು.

ತಪಾಸಣೆ ಹತ್ತಿರ ಬಂತು. ಪುಸ್ತಕದಲ್ಲಿ ಆಗ ನೂರಾ ಹದಿನಾಲ್ಕು ದೂರುಗಳಿದ್ದವು. ಒಂದು ಬಿಟ್ಟು ಎಲ್ಲವೂ ಮುಗಿದಿದ್ದವು. ಏಕನಾಥ ಬಾಗಿಲು ಹಾಕಿಸಿ, "ಅಲ್ಲೆ ಒಂದು ಹೆಬ್ಬೆಟ್ಟು ಒತ್ತಿಸಿಬಿಡ್ರಿ, ಯಾರದರ" ಎಂದರು.

"ಆಕಿ ಸಹಿ ಮಾಡ್ತಾಳ್ರಿ ಸರ್. ನಾವ ಕಲಿಸೇವಿ."

ಏಕನಾಥ ಬಾಗಿಲು ತೆಗೆಸಿದರು.

ತಪಾಸಣೆಗೆ ಬಂದವರು ಬೆಂಗಳೂರಿನ ಒಬ್ಬ ಸಭ್ಯ ಮನುಷ್ಯ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದರು, ರುಕ್ಮವ್ವನ ಪುಟದಲ್ಲಿ ನಕ್ಕರು, ತೊಂಬತ್ತೇಳರಲ್ಲಿ ನಿಂತರು.

"ಎಲ್ಲ ದೂರೂ ಮುಗಿದಿರುವ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ" ಎಂದರು. "ಸಾಮಾನ್ಯವಾಗಿ ಅವನ್ನು ಒಂದೇ ದಿನ ಕೂತು ಬರೆದಿರುತ್ತಾರೆ. ಇದರಲ್ಲಿ ಒಂದು ಬಾಕಿ ಇದೆ. ವಾರ ವಾರ ಪತ್ರ ಬರೆದಿದ್ದೀರಿ. ಇದು ನಿಜವಾದ ಪುಸ್ತಕ."

"ಬಾವಿ ಇಲ್ಲೇ ಗ್ವಾಡಿ ಆಚೆ ಐತ್ರಿ ಸರ್" ಎಂದ ಶಿವಯೋಗೀಶ. "ನೋಡ್ತೀರೇನು?"

ಅವರು ಗಡಿಯಾರ ನೋಡಿದರು. ಹುಬ್ಬಳ್ಳಿಯಿಂದ ಐದಕ್ಕೆ ವಿಮಾನವಿತ್ತು. "ಬಾವಿ ನೋಡುವುದು ನನ್ನ ಪಟ್ಟಿಯಲ್ಲಿಲ್ಲ" ಎಂದರು, ನಿಜವಾದ ವಿಷಾದದಿಂದ.

ಕಂಪನಿಗೆ ಪೂರ್ತಿ ಅಂಕ ಬಂತು. ಏಕನಾಥ ಎಲ್ಲರಿಗೂ ಪೇಢೆ ಹಂಚಿಸಿದರು. ಶಿವಯೋಗೀಶನ ಕೈಗೆ ಎರಡು ಇಟ್ಟು, "ಆಕಿದೊಂದು ಹಂಗ ಇರಲಿ. ಮುಗಸಾಕ ಹೋಗಬ್ಯಾಡ್ರಿ" ಎಂದರು.

ಮರುದಿನ ಬೆಳಿಗ್ಗೆ ಶಿವಯೋಗೀಶ ಬಾಳವ್ವನ ಅಂಗಳದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಎಮ್ಮೆಗೆ ಮೇವು ಹಾಕುತ್ತ ಕೇಳಿದಳು.

"ಅಂದ್ರ ನನ್ನ ಬಾವಿ ನಾರಿದ್ರ ಕಂಪನಿಗೆ ಛಲೋ ಹೆಸರ ಬರತೈತಿ."

"ಹಂಗ ಆತ್ರಿ."

"ಒಂದ ಬಾಕಿ ಇದ್ರ ಖರೇ ಪುಸ್ತಕ. ಹತ್ತ ಬಾಕಿ ಇದ್ರ?"

ಷರತ್ತಿನ ಮೂವತ್ತೊಂದನೇ ಪುಟದಲ್ಲಿ ಅದಕ್ಕೂ ಉತ್ತರವಿತ್ತು. ಐದಕ್ಕಿಂತ ಹೆಚ್ಚು ದೂರು ತಿಂಗಳಾದರೂ ಬಾಕಿ ಉಳಿದರೆ ಜರ್ಮನಿಯಿಂದಲೇ ಜನ ಬಂದು ಸ್ಥಳ ನೋಡಬೇಕು, ಅಲ್ಲಿಯವರೆಗೆ ಮಾಲು ತೆಗೆದುಕೊಳ್ಳಬಾರದು. ಇದನ್ನು ಊರವರಿಗೆ ಹೇಳುವುದು ಶಿವಯೋಗೀಶನ ಕೆಲಸಗಳ ಪಟ್ಟಿಯಲ್ಲಿರಲಿಲ್ಲ. ಹೇಳಬಾರದು ಎಂದೂ ಇರಲಿಲ್ಲ. ಹೇಳಿದ.

ಬಾಳವ್ವ ಮೂರು ದಿನ ಊರು ತಿರುಗಿದಳು. ಕೆಲಸ ಸುಲಭವಿರಲಿಲ್ಲ. ಅರ್ಧ ಊರಿನ ಮಕ್ಕಳು ಆ ಕಂಪನಿಯಲ್ಲೇ ದುಡಿಯುತ್ತಿದ್ದರು. ಮೈಲಾರಲಿಂಗಪ್ಪ ಮೊದಲೇ ಕೈ ಮುಗಿದ. "ನಮ್ಮ ವಿನೋದ ಅಲ್ಲೇ ಮಶೀನ ಮ್ಯಾಲೆ ಅದಾನ. ಕಂಪನಿಗೆ ತ್ರಾಸ ಆದ್ರ ಅವಂಗ ತ್ರಾಸಬೇ."

"ಕಂಪನಿ ಬ್ಯಾಡಂತ ನಾ ಎಲ್ಲೆ ಅಂದೇನೋ?" ಎಂದಳು ಬಾಳವ್ವ. "ನಿನ್ನ ಬಾವಿ ನಮ್ಮ ಬಾವಿಗಿಂತ ಇಳಕಲಿಗೆ ಐತಿ. ಅಷ್ಟ ಹೇಳಾಕ ಬಂದೆ."

ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಇಪ್ಪತ್ಮೂರು ಜನ ಸಾಲಾಗಿ ನಿಂತಿದ್ದರು. ಮೈಲಾರಲಿಂಗಪ್ಪ ಎಲ್ಲರಿಗಿಂತ ಮುಂದಿದ್ದ. ಕಾವಲಿನವನು ವಯಸ್ಸಾದವರಿಗೆ ಕುರ್ಚಿ ತಂದುಕೊಟ್ಟ. ಶಿವಯೋಗೀಶ ಒಬ್ಬೊಬ್ಬರದನ್ನೂ ಬರೆದುಕೊಂಡ: ಹಿಂದಿನ ಗೋಡೆಯ ಆಚೆಗಿನ ನೀರು ಕೆಟ್ಟಿದೆ. ಕೊನೆಗೆ ರುಕ್ಮವ್ವ ಬಂದಳು.

"ನಿಮ್ಮದ್ಯಾವ ಬಾವಿರಿ?"

"ನನಗ ಬಾವಿ ಇಲ್ಲಪಾ. ಬಾಳವ್ವನ ಬಾವಿ ಬಗ್ಗೆ ನನಗ ಸಮಾಧಾನಿಲ್ಲ. ಅದನ್ನ ಬರಿ."

ಮಧ್ಯಾಹ್ನ ಏಕನಾಥ ಕರೆಸಿದರು. ಪುಸ್ತಕ ಅವರ ಮುಂದಿತ್ತು.

"ಇವರಿಗೆ ಐದರ ನಿಯಮ ಯಾರು ಹೇಳಿದ್ರು?"

"ನಾನ್ರಿ ಸರ್."

ಗೊತ್ತಿಲ್ಲ ಎಂಬ ಉತ್ತರಕ್ಕೆ ಏಕನಾಥ ತಯಾರಾಗಿದ್ದರು. ಪುಸ್ತಕ ಮುಚ್ಚಿದರು. ಫೋನೆತ್ತಿ ಜೆಸಿಬಿ ತರಿಸಲು ಹೇಳಿದರು.

ಹೊಸ ಶೆಡ್ಡಿನ ಹಿಂದೆ ಅಗೆದಾಗ, ಗೋಡೆಯ ಪಾಯದ ಹತ್ತಿರ ಲೇಪ ಕೊಟ್ಟು ಉಳಿದ ಕೊಳೆನೀರು ಹೋಗುವ ಪೈಪಿನ ಜೋಡಣೆ ಬಿಟ್ಟಿರುವುದು ಕಂಡಿತು. ಹದಿನಾಲ್ಕು ತಿಂಗಳಿಂದ ಆ ನೀರಿನಲ್ಲಿ ಅರ್ಧ ಶುದ್ಧೀಕರಣ ಘಟಕಕ್ಕೆ, ಅರ್ಧ ಭೂಮಿಗೆ ಹೋಗಿತ್ತು. ನಾಲ್ಕು ದಿನದಲ್ಲಿ ಪೈಪು ಬದಲಾಯಿತು. ಬಾವಿಗಳನ್ನು ಮೂರು ಸಲ ಖಾಲಿ ಮಾಡಿ ನೀರನ್ನು ಟ್ಯಾಂಕರಿನಲ್ಲಿ ಕಂಪನಿಯ ಘಟಕಕ್ಕೇ ಒಯ್ದರು. ಮುಂದಿನ ಮಳೆಗಾಲ ಕಳೆದು ಪರೀಕ್ಷೆಯಾಗುವವರೆಗೆ ಯಾರೂ ಆ ನೀರು ಬಳಸಬಾರದು ಎಂದು ಕಂಪನಿಯೇ ಪತ್ರ ಕೊಟ್ಟಿತು. ಪತ್ರದಲ್ಲಿ ಇದಕ್ಕೆ 'ತಾಂತ್ರಿಕ ಅಡಚಣೆ' ಎಂದು ಹೆಸರಿತ್ತು.

ಇಪ್ಪತ್ಮೂರು ಜನ ಸಹಿ ಮಾಡಿದರು. ಬಾಳವ್ವ ಮಾಡಲಿಲ್ಲ. ಪೆನ್ನು ಇಸಿದುಕೊಂಡು ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: ಪೈಪು ಸರಿಯಾಗಿದೆ. ನೀರು ಇನ್ನೂ ಆಗಿಲ್ಲ. ಹಾಲಿನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಮುಂದಿನ ಒಂದನೇ ತಾರೀಖಿನಿಂದ ಶಿವಯೋಗೀಶನಿಗೆ ಮಾಲು ರವಾನೆ ವಿಭಾಗಕ್ಕೆ ವರ್ಗವಾಯಿತು. ಅವನ ಅನುಭವ ಅಲ್ಲಿ ಬೇಕಾಗಿದೆ ಎಂದು ಆದೇಶದಲ್ಲಿತ್ತು. ಪೆಟ್ಟಿಗೆಗಳ ಮೇಲೆ ಜರ್ಮನಿಯ ವಿಳಾಸದ ಚೀಟಿ ಅಂಟಿಸಿದ್ದಾರೋ ಇಲ್ಲವೋ ನೋಡುವುದು ಅಲ್ಲಿಯ ಕೆಲಸ. ಅವನ ಹಳೆಯ ಕೋಣೆಗೆ ಬೀಗ ಬಿತ್ತು. ಬಾಗಿಲ ಮೇಲೆ ಒಂದು ಫೋನ್ ನಂಬರು ಬರೆಸಿದರು. ಅದಕ್ಕೆ ಕರೆ ಮಾಡಿದರೆ ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದು ಒಂದು ದನಿ ಹೇಳುತ್ತಿತ್ತು. ಬಾಳವ್ವ ಒಂದು ವಾರ ಒಂದನ್ನು ಒತ್ತಿ, ಆಮೇಲೆ ರವಾನೆ ವಿಭಾಗದ ಹಿಂದಿನ ಗೇಟಿಗೆ ಬಂದು ಅವನನ್ನು ಕರೆಸಿದಳು.

"ನನಗ ಈಗ ಬರಕೊಳ್ಳಾಕ ಅಧಿಕಾರ ಇಲ್ರಿ ಯವ್ವಾ" ಎಂದ.

"ನಾ ಬರೀತೇನಿ ತಮ್ಮಾ. ಯಾರಿಗೆ ಬರೀಬೇಕು, ಅಷ್ಟ ಹೇಳು."

ಅವಳು ತಮ್ಮಾ ಎಂದದ್ದು ಅದೇ ಮೊದಲು. ಶಿವಯೋಗೀಶ ಒಳಗೆ ಹೋಗಿ ಒಂದು ವಿಳಾಸದ ಚೀಟಿ ತಂದು ಕೊಟ್ಟ.

ಪತ್ರ ಕನ್ನಡದಲ್ಲೇ ಹೋಯಿತು. ಜರ್ಮನಿಯಲ್ಲಿ ಅದನ್ನು ಯಾರು ಓದಿದರೋ, ಹೇಗೆ ಓದಿದರೋ ಗೊತ್ತಿಲ್ಲ. ಆರು ವಾರದ ಮೇಲೆ ಏಕನಾಥರಿಗೆ ಒಂದು ಮೇಲ್ ಬಂತು. ಅದರಲ್ಲಿ ಒಂದೇ ಪ್ರಶ್ನೆಯಿತ್ತು: ನೀರು ಮಿತಿಯೊಳಗಿದ್ದಾಗ ಹಾಲನ್ನು ಏಕೆ ನಿಲ್ಲಿಸಿದಿರಿ?

ಏಕನಾಥ ಮುಕ್ತಾರನನ್ನು ಕರೆದುಕೊಂಡು, ಗೋಡೆ ಸುತ್ತಿ, ಮೊದಲ ಸಲ ಬಾಳವ್ವನ ಅಂಗಳಕ್ಕೆ ಬಂದರು. ಬಾವಿಯನ್ನು ಬಗ್ಗಿ ನೋಡಿದರು.

"ನಾಳಿಂದ ಹಾಲು ಕಳಸ್ರಿ ಅವ್ವಾರ. ಎಮ್ಮಿ ಈಗ ನಮ್ಮ ಟ್ಯಾಂಕರ್ ನೀರ ಕುಡ್ಯಾಕತ್ತಾವಲ್ಲ, ಏನೂ ಆಗಂಗಿಲ್ಲ."

"ಬ್ಯಾಡ್ರಿ" ಎಂದಳು ಬಾಳವ್ವ. "ಒಂದ ವರ್ಷ ಗೊತ್ತಿಲ್ಲದ ಕೊಟ್ಟೇನಿ. ನಿಮ್ಮ ಹುಡುಗರು ಕುಡದಾರ, ಊರ ಹುಡುಗರೂ ಅದರಾಗ ಅದಾರ. ಹಾಲಂದು ಬ್ಯಾರೆ ಪರೀಕ್ಷೆ ಆಗಲಿ. ಬಾಟಲಿ ನನ್ನ ಮುಂದ ತುಂಬಬೇಕು. ಕಾಗದ ನನ್ನ ಕೈಗೆ ಬರಬೇಕು. ಓದಿ ಆಮ್ಯಾಲೆ ಹಾಲ ಕೊಡತೇನಿ."

"ಆತು" ಎಂದರು ಏಕನಾಥ.

ಪರೀಕ್ಷೆ ಹಾಗೆಯೇ ಆಯಿತು. ಕಾಗದ ಬರಲು ಇಪ್ಪತ್ತು ದಿನ ಹಿಡಿಯಿತು. ಹಾಲಿನಲ್ಲಿ ದೋಷವಿರಲಿಲ್ಲ. ಬಾಳವ್ವ ಎರಡು ಸಲ ಓದಿ, ನಾಳೆಯ ಹಾಲಿಗೆಂದು ಕ್ಯಾನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು.