ಮೂವತ್ತೆರಡನೆಯ ದನಿ

"ಮುಟ್ಬೇಡಿ! ಆ ಪ್ಲಗ್ ಬಿಟ್ಬಿಡಿ ಚಿಕ್ಕಪ್ಪಾ!"

ಮಗಳು ಓಡಿಬಂದು ಚಿಕ್ಕಪ್ಪನ ಕೈಯನ್ನು ಗೋಡೆಯ ಪ್ಲಗ್ಗಿನಿಂದ ಎಳೆದೇಬಿಟ್ಟಳು. ಒಳಕೋಣೆಯಲ್ಲಿ ಅಪ್ಪ ಶವಪೆಟ್ಟಿಗೆಯೊಳಗೆ ಮಲಗಿದ್ದ. ಬೀದಿಯಲ್ಲಿ ಗಾಡಿ ಬಂದು ನಿಂತಿತ್ತು. ಮನೆಯಿಂದ ಬೀದಿಗೆ ದಾರಿ ಇದ್ದದ್ದು ಅಪ್ಪನ ರಿಪೇರಿ ಅಂಗಡಿಯ ಮೂಲಕ ಮಾತ್ರ. ಆ ದಾರಿಯ ತಿರುವಿನಲ್ಲೇ ಹಳೆಯ ಸಂಗೀತದ ಕೀಬೋರ್ಡೊಂದು ಸ್ಟ್ಯಾಂಡಿನ ಮೇಲೆ ಕೆಂಪು ದೀಪ ಉರಿಸಿಕೊಂಡು, ಜಪ್ಪಯ್ಯ ಅಂದರೂ ಕದಲೆನೆಂಬಂತೆ ಕೂತಿತ್ತು.

"ಇದನ್ನ ಸರಿಸ್ದೇ ಪೆಟ್ಟಿಗೆ ತಿರುಗಲ್ಲಮ್ಮ. ತಂತಿ ನೋಡಿದ್ರೆ ಗೇಣುದ್ದ ಇದೆ," ಎಂದ ಚಿಕ್ಕಪ್ಪ.

"ಎಕ್ಸ್‌ಟೆನ್ಶನ್ ಹಾಕಿ," ಎಂದ ಗಾಡಿಯವನು.

"ಅದನ್ನ ಹಾಕೋಕೂ ಒಂದ್ಸಲ ಕೀಳ್ಬೇಕಲ್ಲಪ್ಪ. ಕಿತ್ರೆ ಅಮ್ಮ ಹೋಗ್ತಾಳೆ," ಎಂದಳು ಮಗಳು.

ಗಾಡಿಯವನು ಬಾಯಿ ಬಿಟ್ಟುಕೊಂಡು ನಿಂತ.

"ತಪ್ಪು ತಿಳ್ಕೋಬೇಡಪ್ಪ," ಎಂದ ಚಿಕ್ಕಪ್ಪ. "ಈ ಮನೇಲಿ ಹೀಗೇ ಮಾತಾಡೋದು."

*

ಹಳೆಯ ಕಾಲದ ಕೀಬೋರ್ಡುಗಳ ಹೊಟ್ಟೆಯೊಳಗೆ ನಾಣ್ಯದಷ್ಟಗಲದ ಬ್ಯಾಟರಿಯೊಂದಿರುತ್ತದೆ. ಬದಲಾಯಿಸುವ ಕಾಲ ಬರುವುದೇ ಇಲ್ಲವೇನೋ ಎಂಬಂತೆ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ನುಡಿಸುವವರು ನಾಬ್ ತಿರುಗಿಸಿ ತಿರುಗಿಸಿ ಕಟ್ಟಿಕೊಂಡ ದನಿಗಳು ಕರೆಂಟು ಹೋದ ಮೇಲೂ ಉಳಿಯುವುದು ಅದರಿಂದ. ಅದು ಸತ್ತ ಮೇಲೆ ಕರೆಂಟು ಹೋದರೆ ದನಿಗಳೂ ಹೋದವು. ಅಪ್ಪ ಇಡೀ ಜೀವಮಾನ ಮಾಡಿದ್ದು ಆ ಬ್ಯಾಟರಿಗಳನ್ನು ಬದಲಾಯಿಸುವ ಕೆಲಸ. ಕೀಬೋರ್ಡನ್ನು ಆನ್ ಇಟ್ಟೇ ಹಳೆಯದನ್ನು ಕಳಚಿ ಹೊಸದನ್ನು ಬೆಸೆಯುತ್ತಿದ್ದ. ಬೆಸುಗೆ ಕಡ್ಡಿಯನ್ನು ಚೆನ್ನಾಗಿ ಕಾಯಿಸಿ, ಅದರ ಪ್ಲಗ್ ಕಿತ್ತು, ಆರುವ ಮೊದಲೇ ಮುಟ್ಟಿಸಬೇಕು.

"ಕಡ್ಡೀಲಿ ಕರೆಂಟಿದ್ರೆ ಕಣ್ಮುಚ್ಚಿ ತೆಗೆಯೋದ್ರಲ್ಲಿ ಎಲ್ಲಾ ಅಳಿಸಿಹೋಗತ್ತೆ," ಎಂದು ಮಗಳಿಗೂ ಕಲಿಸಿದ್ದ. "ನಿಂಗೆ ಸಿಗೋದು ಹತ್ತು ಉಸಿರು, ಅಷ್ಟೇ."

ಹೆಡ್‌ಫೋನ್ ಹಾಕಿ ಕೂತ ಅಪ್ಪನನ್ನು ಊಟಕ್ಕೆ ಕರೆದು ಕರೆದು ಅಮ್ಮನಿಗೆ ಸಾಕಾಗಿಹೋಗಿತ್ತು. ಸಂಗೀತದ ಗಂಧಗಾಳಿ ಇಲ್ಲದ ಅವಳು ಒಂದು ದಿನ ಈ ಕೀಬೋರ್ಡಿನ ಮುಂದೆ ಕೂತು, ಕಂಡ ಕಂಡ ನಾಬ್ ತಿರುಗಿಸಿ, ಸಂಜೆಯ ಹೊತ್ತಿಗೆ ಒಂದು ದನಿ ಹುಟ್ಟಿಸಿದಳು. ತಟ್ಟೆಗೆ ಸೌಟು ತಾಗಿದಂತೆ ಶುರುವಾಗಿ, ದೂರದಿಂದ ಯಾರೋ ಕೂಗಿದಂತೆ ಎಳೆದುಕೊಂಡು ಹೋಗುವ ದನಿ. ಅದನ್ನು ಮೂವತ್ತೆರಡನೆಯ ಜಾಗದಲ್ಲಿ ಉಳಿಸಿಟ್ಟಳು.

"ಇನ್ಮೇಲೆ ನಾನು ಗಂಟಲು ಹರ್ಕೊಳಲ್ಲ. ಇದೇ ಕರೆಯತ್ತೆ."

ಅಂದಿನಿಂದ ಮಧ್ಯಾಹ್ನ ಒಂದಕ್ಕೆ ಎರಡು ಸಲ ಒತ್ತುವಳು. ಆ ದನಿ ಹೆಡ್‌ಫೋನನ್ನೂ ತೂರಿಕೊಂಡು ಹೋಗುತ್ತಿತ್ತು. ಅಪ್ಪನ ಚಕ್ರದ ಸ್ಟೂಲು ಕಿರ್ರೆಂದು ಹಿಂದೆ ಸರಿಯುತ್ತಿತ್ತು.

ಅಮ್ಮ ಹೋಗಿ ಹನ್ನೊಂದು ವರ್ಷ. ಅಂದಿನಿಂದ ಅಪ್ಪ ಕೀಬೋರ್ಡನ್ನು ಆರಿಸಲೇ ಇಲ್ಲ. "ಇದರ ಬ್ಯಾಟರಿ ಸತ್ತಿದೆ. ಬದಲಾಯಿಸೋಕೆ ಕೈ ನಡುಗತ್ತೆ," ಎನ್ನುತ್ತಿದ್ದ. ಕರೆಂಟು ಹೋದರೂ ಉರಿಯಲೆಂದು ಗೋಡೆಯಲ್ಲಿ ಇನ್ವರ್ಟರಿನ ಬೇರೆ ಲೈನನ್ನೇ ಕೂರಿಸಿದ್ದ. ಒಂದು ಗಂಟೆಗೆ ತಾನೇ ಎರಡು ಸಲ ಒತ್ತಿ, ಸ್ಟೂಲಿಗೆ ಮರಳಿ ಒಂದು ಗಳಿಗೆ ಕೂತು, ಆಮೇಲೆ ಊಟಕ್ಕೆ ಏಳುತ್ತಿದ್ದ.

ಮೊನ್ನೆಯೂ ಒಂದಕ್ಕೆ ದನಿ ಕೇಳಿಸಿತು, ಎರಡು ಸಲ. ಮೇಲಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಮಗಳು ಇಳಿದುಹೋಗಿ ತಟ್ಟೆ ಹಾಕಿದಳು. ಅಪ್ಪ ಬರಲಿಲ್ಲ. ಅಂಗಡಿಗೆ ಹೋಗಿ ನೋಡಿದರೆ, ಕೀಬೋರ್ಡಿನಿಂದ ಅಷ್ಟು ದೂರದಲ್ಲಿ, ಕೆಲಸದ ಮೇಜಿನ ಮೇಲೆ ತಲೆಯಿಟ್ಟಿದ್ದ. ಮೈ ತಣ್ಣಗಾಗಿತ್ತು.

"ಬೆಳಿಗ್ಗೆ ಹತ್ತಕ್ಕೇ ಹೋಗಿದೆ ಜೀವ," ಎಂದರು ಡಾಕ್ಟರು. ಹಾಗಾದರೆ ಒಂದಕ್ಕೆ ಒತ್ತಿದ್ದು ಯಾರು? ಅದನ್ನವಳು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಆ ದನಿಯೂ ಅಳಿಸಿಹೋದರೆ ತನಗೆ ಇನ್ನು ಕೇಳಲು ಏನೂ ಉಳಿಯುವುದಿಲ್ಲ ಎಂಬ ಹೆದರಿಕೆ ಮಾತ್ರ ಇತ್ತು.

*

"ಅರ್ಧ ಗಂಟೆ ಕೊಡಿ. ಬ್ಯಾಟರಿ ಹಾಕ್ಬಿಡ್ತೀನಿ."

"ಹೆಣ ಇಟ್ಕೊಂಡು ರಿಪೇರಿನಾ?" ಚಿಕ್ಕಪ್ಪ ಹಣೆ ಚಚ್ಚಿಕೊಂಡ.

"ಅಪ್ಪ ಇದ್ದಿದ್ರೂ ಅದೇ ಮಾಡ್ತಿದ್ದ, ಬಿಡಿ," ಎಂದ ಅವಳ ತಮ್ಮ. ಅವನೇ ಟಾರ್ಚು ಹಿಡಿದು ನಿಂತ.

ಮಗಳು ಬೆಸುಗೆ ಕಡ್ಡಿಯನ್ನು ಕಾಯಲಿಟ್ಟಳು. ಒಂದೊಂದೇ ಸ್ಕ್ರೂ ಬಿಚ್ಚಿದಳು. ಕೆಂಪು ದೀಪ ಉರಿಯುತ್ತಲೇ ಇತ್ತು. ಮುಚ್ಚಳವನ್ನು ಮಗುವನ್ನು ಎತ್ತುವಷ್ಟು ಹುಷಾರಾಗಿ ಎತ್ತಿದಳು.

ಒಳಗೆ ಬೆಸೆದ ಬ್ಯಾಟರಿ ಇರಲೇ ಇಲ್ಲ. ಅದರ ಜಾಗದಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಗೂಡು, ಅದರಲ್ಲಿ ಹೊಚ್ಚಹೊಸದರಂತೆ ಹೊಳೆಯುವ ಬ್ಯಾಟರಿ. ಪಕ್ಕದ ಚೀಟಿಯಲ್ಲಿ ಅಪ್ಪನ ಉರುಟು ಅಕ್ಷರದಲ್ಲಿ ಬ್ಯಾಟರಿ ಬದಲಾಯಿಸಿದ ಮೂರು ತಾರೀಕುಗಳು. ಕೊನೆಯದಕ್ಕೆ ಎಂಟು ತಿಂಗಳಷ್ಟೇ ಆಗಿತ್ತು. ಕೆಳಗೆ ಹೀಗೆ ಬರೆದಿದ್ದ: "ಮಗಳೇ, ಬೆಸುಗೆ ಬೇಡ. ಉಗುರಿನಿಂದ ಎಬ್ಬಿಸಿದರೆ ಸಾಕು."

ಮೀಟರು ಇಟ್ಟು ನೋಡಿದಳು. ಪೂರ್ತಿ ಮೂರು ವೋಲ್ಟು.

"ಸತ್ತಿದೆ ಅಂತಿದ್ನಲ್ಲೇ ಅಕ್ಕಾ?"

"ಸುಳ್ಳು ಹೇಳ್ತಿದ್ದ."

"ಯಾಕೆ?"

ಅವಳು ಮುಚ್ಚಳ ಕೂರಿಸಿ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಏನೂ ಅಳಿಸುವುದಿಲ್ಲವೆಂದು ಈಗ ಗೊತ್ತಿತ್ತು. ಆದರೂ ಬೆರಳು ಒತ್ತಲಿಲ್ಲ. ಅಪ್ಪನ ಬೆರಳೂ ಹನ್ನೊಂದು ವರ್ಷ ಹೀಗೇ ಇಲ್ಲೇ ನಿಂತಿತ್ತೆಂದು ತಿಳಿದದ್ದೇ ತಡ, ಮೂರು ದಿನದಿಂದ ಬಾರದ ಅಳು ಒತ್ತರಿಸಿ ಬಂತು.

"ನೀನೂ ಕೈ ಇಡೋ," ಎಂದಳು ತಮ್ಮನಿಗೆ.

ಇಬ್ಬರೂ ಸೇರಿ ಒತ್ತಿದರು. ದೀಪ ಥಟ್ಟನೆ ಆರಲಿಲ್ಲ. ಸ್ವಲ್ಪ ಸ್ವಲ್ಪವೇ ಮಂಕಾಯಿತು. ಕೀಬೋರ್ಡಿನ ಪ್ಲಗ್ಗನ್ನೂ ಕಾದ ಕಡ್ಡಿಯ ಪ್ಲಗ್ಗನ್ನೂ ಮಗಳೇ ಕಿತ್ತಳು.

"ಈಗ ಎತ್ಕೊಳ್ಳಿ," ಎಂದಳು.

*

ಅಪ್ಪನನ್ನು ಕಳಿಸಿ ಮನೆಗೆ ಬಂದಾಗ ಒಂದಕ್ಕೆ ಐದು ನಿಮಿಷವಿತ್ತು. ಚಿಕ್ಕಪ್ಪ, ತಮ್ಮ ಇಬ್ಬರೂ ಅಡುಗೆಮನೆಗೆ ಹೋದರು. ಮಗಳು ಕೀಬೋರ್ಡನ್ನು ಮೊದಲಿನ ತಿರುವಿಗೇ ಎಳೆದಿಟ್ಟು, ಪ್ಲಗ್ ಸಿಕ್ಕಿಸಿ, ಸ್ವಿಚ್ ಒತ್ತಿ, ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ದೀಪ ಹೊತ್ತಿತು. ಪುಟ್ಟ ಪರದೆಯ ಮೇಲೆ ಮೂವತ್ತೆರಡು ಎಂದು ಬಂತು.

"ಎಷ್ಟು ತಟ್ಟೆ ಹಾಕ್ಲೇ?" ಒಳಗಿನಿಂದ ತಮ್ಮ ಕೇಳಿದ.

"ಮೂರು ಕಣೋ, ಅಷ್ಟೂ ಗೊತ್ತಾಗಲ್ವಾ," ಎಂದ ಚಿಕ್ಕಪ್ಪನೂ ಒಳಗಿನಿಂದಲೇ.

ಅವಳು ಒತ್ತಿದಳು. ತಟ್ಟೆಗೆ ಸೌಟು ತಾಗಿತು. ದೂರದಿಂದ ಕೂಗು ಎಳೆದುಕೊಂಡು ಹೋಯಿತು. ಇನ್ನೊಂದು ಸಲ ಒತ್ತಿದಳು. ಕೂಗು ಮುಗಿದು ಅಂಗಡಿ ನಿಶ್ಶಬ್ದವಾಯಿತು.

ಬೆನ್ನ ಹಿಂದೆ, ಕೆಲಸದ ಮೇಜಿನ ಬಳಿ, ಸ್ಟೂಲಿನ ಚಕ್ರ ಕಿರ್ರೆಂದಿತು.

ಅವಳು ತಿರುಗಿ ನೋಡಲಿಲ್ಲ. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು, ಒಬ್ಬರು ದಾಟಿಹೋಗುವಷ್ಟು ದಾರಿ ಬಿಟ್ಟಳು.