ಕಾಲೂರದೆ ಕೆರೆಯ ಸುತ್ತ

ಊರ ಕೆರೆಯನ್ನು ಸೈಕಲ್ ಮೇಲೆ ಎಲ್ಲಿಯೂ ಕಾಲೂರದೆ ಸುತ್ತಿ ತೋರಿಸಿದರೆ ಈ ಸಲದ ಸೈಕಲ್ ಸ್ಪರ್ಧೆ ಐನಾಪುರದಲ್ಲೇ ಎಂದು ನಿಪ್ಪಾಣಿಯ ಸೈಕಲ್ ಕ್ಲಬ್ಬಿನ ಸಂಜಯ ಆ ಊರಿನ ಸೌಂದರ್ಯಾಳಿಗೆ ಮಾತು ಕೊಟ್ಟಿದ್ದ. ಜಾಲಿಮುಳ್ಳು ತಪ್ಪಿಸುತ್ತ, ಕಲ್ಲುಗಳ ಮೇಲೆ ಸೈಕಲ್ ಹಾರಿಸುತ್ತ ಅವಳು ಮುಕ್ಕಾಲು ಸುತ್ತು ಮುಗಿಸಿದ್ದಳು. ಮುಂದೆ ನೋಡಿದರೆ ಮಳೆಗೆ ನೆನೆದ ಎರೆಮಣ್ಣು ಬೆಣ್ಣೆಯಂತಾಗಿತ್ತು. ಜೊತೆಗೆ ಬರುತ್ತಿದ್ದ ಸಂಜಯನ ಗಾಲಿಗೆ ಮಣ್ಣು ಮೆತ್ತಿಕೊಂಡು ಸೈಕಲ್ ನಿಂತೇಬಿಟ್ಟಿತು.

"ಇಳೀರಿ ಮೇಡಂ, ಇದು ಆಗಂಗಿಲ್ಲ," ಎಂದ.

ಸೌಂದರ್ಯಾ ಇಳಿಯಲಿಲ್ಲ, ಹ್ಯಾಂಡಲನ್ನು ನೀರಿನ ಕಡೆಗೆ ತಿರುಗಿಸಿದಳು. ಅಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದ ಅತ್ತೆ ಕಸ್ತೂರೆವ್ವ ಸೊಂಟಕ್ಕೆ ಕೈಯಿಟ್ಟಳು.

"ಎಲ್ಲಿ ಹೊಂಟೀಯವ್ವಾ, ಈಜಾಕ?"

"ನೀವು ದಿನಾ ಎಮ್ಮಿ ಇಳಸೋ ಹಾದೀಗೇರಿ ಅತ್ತಿ. ಅಲ್ಲಿ ತಳದಾಗ ಗರಸು ಐತಿ. ಎಮ್ಮಿ ಭಾರಕ್ಕ ಕುಸೀಲಾರದ್ದು ನನ್ನ ಭಾರಕ್ಕ ಕುಸೀತೈತೇನು?"

"ನೀನೂ ಎಮ್ಮಿಗಿಂತ ಭಾಳ ಕಡಿಮಿ ಏನಿಲ್ಲ. ಹೋಗು."

ಅರ್ಧ ಗಾಲಿ ನೀರಲ್ಲಿ ಮುಳುಗಿತು. ಅವಳು ಪೆಡಲ್ ಬಿಡಲಿಲ್ಲ. ತಳದ ಸಣ್ಣ ಕಲ್ಲಿನ ಗರಸು ಗರಗರ ಎನ್ನುತ್ತ ದಾರಿ ಕೊಟ್ಟಿತು, ಸೈಕಲ್ ಕೆಸರಿನಾಚೆ ದಂಡೆ ಹತ್ತಿತು; ಮುಂದೆಲ್ಲ ಗಟ್ಟಿ ದಾರಿ.

ಸಂಜಯ ಬೂಟು ಕೈಯಲ್ಲಿ ಹಿಡಿದು ನೀರು ದಾಟಿ ಬಂದ. "ಆತ್ರಿ, ಸ್ಪರ್ಧಾ ಇಲ್ಲೇ. ಆದ್ರ ಅವತ್ತ ಎಮ್ಮಿ ಮನ್ಯಾಗ ಕಟ್ರಿ, ಮಾವಶಿ."

"ಎಮ್ಮಿ ಯಾಕ ಕಟ್ಟಲಿ?" ಎಂದಳು ಕಸ್ತೂರೆವ್ವ. "ನಿಮ್ಮ ಹುಡುಗರಿಗೆ ಹೇಳ್ರಿ, ಬಾಜೂ ಸರದು ಹೋಗ್ಲಿ."