ನಾಟಕ ಕಂಪನಿಯ ಸ್ಟುಡಿಬೇಕರ್

ನಾನು ಒಂದು ಕಾರು. ಹೆಸರು ಸ್ಟುಡಿಬೇಕರ್ ಚಾಂಪಿಯನ್. ಈಗ ನನ್ನ ಬಾನೆಟ್ಟಿನ ಮೇಲೆ ಕೋಳಿಗಳು ಮಲಗುತ್ತವೆ, ಆ ಮಾತು ಆಮೇಲೆ. ಹುಟ್ಟಿದ್ದು ಅಮೆರಿಕದ ಸೌತ್ ಬೆಂಡ್ ಎಂಬ ಊರಿನಲ್ಲಿ, ಸಾವಿರದ ಒಂಬೈನೂರ ಐವತ್ತನೆಯ ಇಸವಿಯಲ್ಲಿ.

ನಮ್ಮದು ಕಮ್ಮಾರರ ಮನೆತನ. ಐವರು ಅಣ್ಣತಮ್ಮಂದಿರು ಕುಲುಮೆ ಊದಿ, ಕಬ್ಬಿಣ ಬಡಿದು ಕುದುರೆಗಾಡಿ ಮಾಡುತ್ತಿದ್ದರು. ಅವರಲ್ಲೊಬ್ಬ ಚಿನ್ನದ ಹುಚ್ಚು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋದ. ಹೋದವನು ಚಿನ್ನ ಅಗೆಯುವುದನ್ನು ಬಿಟ್ಟು, ಅಗೆಯುವವರಿಗೆ ಒಂಟಿ ಗಾಲಿಯ ತಳ್ಳುಗಾಡಿ ಮಾಡಿ ಮಾರಿದ. ಆ ಗಳಿಕೆ ಮನೆಯ ಕುಲುಮೆಗೆ ಬಂತು. ಹೆಂಡತಿ, ಮಕ್ಕಳು, ಪಾತ್ರೆಪಡಗ ಹೇರಿಕೊಂಡು ಪಡುವಣಕ್ಕೆ ಹೊರಟ ಸಂಸಾರಗಳು ನಮ್ಮ ಗಾಡಿಗಳನ್ನು ಹತ್ತಿದವು. ಆಮೇಲೆ ಕುದುರೆ ಹೋಯಿತು, ಎಂಜಿನ್ ಬಂತು. ಕುದುರೆ ಹೋದರೂ ಅದರ ಕನಸು ನಮ್ಮ ಮೈಯಿಂದ ಹೋಗಲಿಲ್ಲ. ಈಗಲೂ ಬಿಸಿಲಲ್ಲಿ ನಿಂತು ಸ್ವಲ್ಪ ಜೊಂಪು ಹತ್ತಿದರೆ ಮಂಜಿನೊಳಗೆ ಗೊರಸಿನ ಸದ್ದು ಕೇಳುತ್ತದೆ, ಒದ್ದೆ ಹುಲ್ಲಿನ ವಾಸನೆ ಬರುತ್ತದೆ. ನಾನು ಕಾಣದ ಹುಲ್ಲು ಅದು.

ನನ್ನ ಮೂಗು ಚೂಪು, ವಿಮಾನದ ಮೂಗಿನ ಹಾಗೆ. ಮಾಡಿದವರು ಅದನ್ನು ಕಂಡು ಬೀಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಕಂಡವರಿಗೆ ನಗು. ನನ್ನಲ್ಲಿ ಇನ್ನೊಂದು ಗುಣವಿತ್ತು. ಏರಿನ ಮೇಲೆ ನಿಲ್ಲಿಸಿ ಕ್ಲಚ್ ತುಳಿದುಕೊಂಡೇ ಇದ್ದರೆ, ಬ್ರೇಕಿನ ಮೇಲಿನ ಕಾಲು ತೆಗೆದರೂ ನಾನು ಹಿಂದಕ್ಕೆ ಜಾರುತ್ತಿರಲಿಲ್ಲ. ಬೇರೆ ಕಾರುಗಳಿಗೆ ಅಷ್ಟು ನಿಯತ್ತು ಎಲ್ಲಿಂದ ಬರಬೇಕು!

ಹಡಗು ಹತ್ತಿ ಬಂದ ನನ್ನನ್ನು ಮೊದಲು ಕೊಂಡವರು ಗದಗಿನ ಅರಳೆ ವ್ಯಾಪಾರಿ ಚನ್ನಬಸಪ್ಪ ಹೊಂಬಳ. ಅವರ ಅಂಗಡಿಯ ಮುಂದೆ ನಿಂತು ನಾನು ನನ್ನ ಬಗ್ಗೆ ಕೇಳದ ಮಾತಿಲ್ಲ.

“ಇದಕ್ಕ ಮುಖಾ ಯಾವುದೋ, ಬೆನ್ನ ಯಾವುದೋ?” ಎಂದು ಹಮಾಲರು ನಕ್ಕರು.

“ಮಲಗಿದ ಕೂಸು ಏಳಂಗಿಲ್ಲ ನೋಡ್ರಿ, ಅಷ್ಟ ಮೆತ್ತಗ ಒಯ್ತೈತಿ,” ಎಂದು ಸಾಹುಕಾರರು ಹೊಗಳಿದರು.

“ಕುಡ್ಯೂದು ನೋಡ್ರಿ ಮೊದ್ಲ. ಮನ್ಯಾಗ ಆನಿ ಕಟ್ಟಿದಂಗ ಆಗೇತಿ,” ಎಂದು ಅವರ ತಮ್ಮ ಗೊಣಗಿದರು.

ಮೂರು ಮಾತೂ ನಿಜ. ಸಾಹುಕಾರರು ಇರುವ ತನಕ ಆನೆಗೆ ಮೇವು ಸಿಕ್ಕಿತು. ಅವರು ಹೋದ ಮೇಲೆ ತಮ್ಮ ನನ್ನನ್ನು ಗುರುಪಾದಯ್ಯನವರ ನಾಟಕ ಕಂಪನಿಗೆ ಕೊಟ್ಟುಬಿಟ್ಟರು.

ಅಲ್ಲಿಂದ ನನ್ನ ನಿಜವಾದ ಬದುಕು ಶುರುವಾಯಿತು. ನನ್ನ ತಲೆಯ ಮೇಲೆ ಕಹಳೆಯಂಥ ಲೌಡ್‌ಸ್ಪೀಕರ್ ಕೂತಿತು. ಬೆಳಿಗ್ಗೆ ಎದ್ದು ಸುತ್ತಲಿನ ಹಳ್ಳಿಗಳಿಗೆ ಹೋಗುವುದು, ಇಂದಿನ ಆಟ ಯಾವುದೆಂದು ಕೂಗುವುದು, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ತೂರುವುದು. ಕಾಗದಗಳು ಜೋಳದ ತೆನೆಗಳ ಮೇಲೆ ಹಾರಿ ಹಾರಿ ಇಳಿಯುತ್ತಿದ್ದವು. ಮಧ್ಯಾಹ್ನ ಥಿಯೇಟರಿನ ತಗಡಿನ ಗೋಡೆಗೆ ಒರಗಿ ನಿಂತರೆ ಒಳಗಿನಿಂದ ತಾಲೀಮಿನ ಹಾರ್ಮೋನಿಯಂ ಪೆಟ್ಟಿಗೆಯ ಸ್ವರ, ಹೆಂಗಸರ ಹಾಡು. ನಾನು ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಎಚ್ಚರದಲ್ಲಿ ಕೇಳಿದ್ದೆಷ್ಟು, ಕನಸಿನಲ್ಲಿ ಕೇಳಿದ್ದೆಷ್ಟು ಎಂದು ಇವತ್ತಿಗೂ ಬೇರೆ ಮಾಡಲಾರೆ.

ಆ ಹಾಡು ಹೇಮಾಬಾಯಿಯವರದು. ಕಂಪನಿಯ ಹೀರೋಯಿನ್ ಅವರೇ. ಅವರು ಹಾಡಿದರೆ ಚಹಾ ಕುಡಿಯಲು ಹೊರಗೆ ಹೋದವರು ಕಪ್ಪು ಹಿಡಿದುಕೊಂಡೇ ಒಳಗೆ ಬರುತ್ತಿದ್ದರು. ಆದರೆ ಒಂದು ಮಳೆಗಾಲ ಕೆಮ್ಮು ಹಿಡಿಯಿತು. ಕೆಮ್ಮು ಹೋಯಿತು, ಹೋಗುವಾಗ ದನಿಯನ್ನೂ ಒಯ್ದಿತು. ಮೇಲಿನ ಸ್ವರಕ್ಕೆ ಹೋದರೆ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಅವರ ಪಾರ್ಟುಗಳು ಒಂದೊಂದಾಗಿ ಕಸ್ತೂರಿ ಎಂಬ ಹೊಸ ಹುಡುಗಿಗೆ ಹೋದವು. ಕಸ್ತೂರಿಗೆ ಆ ಹಾಡುಗಳನ್ನು ಕಲಿಸಿದವರೂ ಹೇಮಾಬಾಯಿಯವರೇ. ಕಲಿಸುವಾಗ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಹೊರಗೆ ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡು ಅಳುತ್ತಿದ್ದರು.

ಕಂಪನಿಗಳಲ್ಲಿ ಒಂದು ಪದ್ಧತಿ ಇತ್ತು. ಪಾರ್ಟು ಹೋದ ಹೆಂಗಸನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಹೊಸ ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿ, ತವರಿಗೆ ಕಳಿಸುತ್ತಿದ್ದರು. ನೋಡುವವರಿಗೆ ಮರ್ಯಾದೆ. ಅದರ ಅರ್ಥ ಮಾತ್ರ ಇಷ್ಟೇ, ನಾಳೆಯಿಂದ ನಿನಗೆ ಇಲ್ಲಿ ಊಟದ ತಾಟು ಇಲ್ಲ. ಹೇಮಾಬಾಯಿಯವರಿಗೆ ತವರೂ ಇರಲಿಲ್ಲ. ಒಂಬತ್ತರ ವಯಸ್ಸಿನಲ್ಲಿ ಕಂಪನಿಗೆ ಬಂದವರು. ಊರಲ್ಲಿದ್ದ ತಮ್ಮನ ಹೆಂಡತಿ ನಾಟಕದವಳನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಮಾಲಕರು ಇಳಕಲ್ ಸೀರೆ ತರಿಸಿಟ್ಟಿದ್ದಾರೆ ಎಂಬ ಸುದ್ದಿ ಅಡುಗೆಮನೆಯಿಂದ ನನ್ನ ತನಕ ಬಂತು.

ಅದೇ ಹೊತ್ತಿಗೆ ನನ್ನ ಡ್ರೈವರ್ ದಸ್ತಗೀರನ ಕಣ್ಣಿಗೆ ಪೊರೆ ಬಂದಿತ್ತು. ಎಮ್ಮೆ ಯಾವುದು, ಬಂಡೆ ಯಾವುದು ಗೊತ್ತಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೇಮಾಬಾಯಿ ಮಾಲಕರ ಮುಂದೆ ಬಂದು ನಿಂತರು.

“ಮಾಲಕರ, ಸೀರಿ ಹಂಗ ಇರ್ಲಿ. ಕಾರ್ ನಾ ಹೊಡೀತೀನಿ.”

ಗುರುಪಾದಯ್ಯನವರು ಒಳ್ಳೆಯವರು, ಆದರೆ ಗಾಬರಿಯ ಮನುಷ್ಯ. “ಹೇಮವ್ವಾ, ತಿಳೀತೇನವಾ ನಿನಗ? ಹೆಣ್ಣಮಗಳು ಕಾರ್ ಹೊಡದ್ರ ಮಂದಿ ನಾಟಕಾ ಬಿಟ್ಟು ಅದನ್ನ ನೋಡ್ತಾರ.”

“ನೋಡ್ಲಿ ಬಿಡ್ರಿ. ನೋಡಾಕ ಬಂದ ಮಂದಿಗೆ ಹ್ಯಾಂಡ್‌ಬಿಲ್ ಕೊಡೂದು ಹಗರ ಆಗ್ತೈತಿ.”

ಮಾಲಕರು ತಲೆ ಕೆರೆದುಕೊಂಡರು. ಈ ಕ್ಯಾಂಪ್ ಮುಗಿಯುವುದರೊಳಗೆ ಲೈಸೆನ್ಸ್ ತಂದರೆ ಇರಬಹುದು, ಇಲ್ಲವಾದರೆ ಉಡಿ ತುಂಬುವುದೇ ಎಂದರು. ಆಗ ಕ್ಯಾಂಪ್ ಇದ್ದದ್ದು ಧಾರವಾಡದಲ್ಲಿ. ದಸ್ತಗೀರ ಪಕ್ಕದಲ್ಲಿ ಕೂತು ಕಲಿಸಿದ. ಕಣ್ಣು ಹೋದರೂ ಅವನಿಗೆ ನನ್ನ ಸದ್ದು ಗೊತ್ತು. “ಅಕ್ಕಾರ, ಗೇರ್ ಬದಲಸ್ರಿ, ಅದು ಅಳಾಕತ್ತೈತಿ,” ಎನ್ನುತ್ತಿದ್ದ. ಹೇಮಾಬಾಯಿಯವರ ಕೈ ಮೆದು, ಕಾಲಿಗೆ ತಾಳ ಗೊತ್ತು. ನನ್ನನ್ನು ನಡೆಸಿದವರಲ್ಲಿ ಅಷ್ಟು ಹದವಾಗಿ ಕ್ಲಚ್ ಬಿಟ್ಟವರು ಮತ್ತೊಬ್ಬರಿಲ್ಲ. ಇದನ್ನು ಮುಖಸ್ತುತಿ ಎಂದುಕೊಳ್ಳಬೇಡಿ.

ಪರೀಕ್ಷೆಯ ದಿನ ಬಂತು. ಆರ್‌ಟಿಓ ಸಾಹೇಬರು ಪಕ್ಕದಲ್ಲಿ ಕೂತರು. ಧಾರವಾಡದ ಏರುಗಳು ನಿಮಗೆ ಗೊತ್ತಲ್ಲ. ಒಂದು ಏರಿನ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಹೇಮಾಬಾಯಿ ಚೆಂದವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸಂತೆಗೆ ಹೊರಟಿದ್ದ ಜನ ಅವರ ಗುರುತು ಹಿಡಿದರು. “ಏ, ಹೇಮಾಬಾಯಿ!” ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದದ್ದೇ ತಡ, ಹೇಮಾಬಾಯಿ ಸ್ಟಿಯರಿಂಗ್ ಬಿಟ್ಟು, ಬ್ರೇಕಿನ ಮೇಲಿನ ಕಾಲನ್ನೂ ಎತ್ತಿ, ಜನರ ಕಡೆ ತಿರುಗಿ ಎರಡೂ ಕೈ ಮುಗಿದರು.

ಹಿಂದೆ ಕುಂಬಾರನ ಬಂಡಿ ಇತ್ತು, ತುಂಬ ಗಡಿಗೆಗಳು. ಅವರ ಎಡಗಾಲು ಕ್ಲಚ್ ಮೇಲೆ ಹಾಗೇ ಇತ್ತು, ನನ್ನ ಪುಣ್ಯ. ನಾನು ಉಸಿರು ಬಿಗಿಹಿಡಿದು ನಿಂತೆ. ಒಂದು ಬೆರಳಿನಷ್ಟೂ ಜಾರಲಿಲ್ಲ.

ಸಾಹೇಬರ ಟೊಪ್ಪಿಗೆ ಮಾತ್ರ ಜಾರಿ ಮಡಿಲಿಗೆ ಬಿದ್ದಿತ್ತು. ಅವರು ಅದನ್ನು ಎತ್ತಿ ಇಟ್ಟುಕೊಂಡು, “ಬಾಯಾರ, ಕಾರು ಪಾಸು. ನೀವು ಫೇಲು,” ಎಂದರು.

“ಚಪ್ಪಾಳಿ ಬಿದ್ರ ಕೈ ತಾವ ಏಳತಾವರಿ ಸಾಹೇಬ್ರ. ಸಣ್ಣಾಕಿ ಇದ್ದಾಗಿಂದ ರೂಢಿ.”

“ರೂಢಿ ಬಿಟ್ಟು ಮುಂದಿನ ವಾರ ಬರ್ರಿ.”

ಆ ವಾರ ಹೇಮಾಬಾಯಿ ಊಟ ಸರಿಯಾಗಿ ಮಾಡಲಿಲ್ಲ. ರೂಢಿ ಬಿಡಿಸಲೆಂದು ದಸ್ತಗೀರ ಪಕ್ಕದಲ್ಲಿ ಕೂತು ಸುಮ್ಮಸುಮ್ಮನೆ ಚಪ್ಪಾಳೆ ತಟ್ಟುತ್ತಿದ್ದ. ಅವರು ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ದನಿ ಹೋದದ್ದನ್ನು ತಡೆದುಕೊಂಡವರಿಗೆ ಇದು ಕಷ್ಟವಾಗಿತ್ತು. ನನಗೆ ಆಗ ಅರ್ಥವಾಗಲಿಲ್ಲ. ಈಗ ಆಗುತ್ತದೆ. ಉಳಿದದ್ದು ಅದೊಂದೇ ಚಪ್ಪಾಳೆ, ಅದಕ್ಕೂ ಕೈ ಮುಗಿಯಬಾರದು ಎಂದರೆ ಹೇಗೆ?

ಮುಂದಿನ ವಾರ ಅದೇ ಏರು. ಸುದ್ದಿ ಹಬ್ಬಿ ಜನ ಮೊದಲೇ ಬಂದು ನಿಂತಿದ್ದರು. ಚಪ್ಪಾಳೆ ಜೋರಾಯಿತು. “ಬಾಯಾರ, ಒಂದ ಪದಾ ಹಾಡ್ರಿ!” ಎಂದು ಕೂಗಿದರು. ಹೇಮಾಬಾಯಿ ತಿರುಗಲಿಲ್ಲ. “ಏನ್ ಸೊಕ್ಕಲೇ ಈಕಿಗೆ,” ಎಂದು ಯಾರೋ ಅಂದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಮೆಲ್ಲಗೆ ಕ್ಲಚ್ ಬಿಟ್ಟರು. ನಾನು ಏರು ಹತ್ತಿದೆ. ಹತ್ತುವಾಗ ನನ್ನ ಮೈಯೊಳಗಿನ ಕುದುರೆಗಳೆಲ್ಲ ಒಮ್ಮೆಗೇ ಕತ್ತೆತ್ತಿದ ಹಾಗಾಯಿತು.

ಲೈಸೆನ್ಸ್ ಕೈಗೆ ಬಂತು. ಮಾಲಕರು ತರಿಸಿಟ್ಟ ಇಳಕಲ್ ಸೀರೆಯನ್ನು ಉಟ್ಟುಕೊಂಡೇ ಹೇಮಾಬಾಯಿ ಡ್ರೈವರ್ ಸೀಟಿನಲ್ಲಿ ಕೂತರು. ದಸ್ತಗೀರ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಹಿಡಿದ, ಅವನ ತಾಟೂ ಉಳಿಯಿತು.

ಆಮೇಲೆ ನಾವು ನೋಡದ ಊರಿಲ್ಲ. ಮುಂಜಾವಿನ ಮಂಜಿನಲ್ಲಿ ಹೊರಟರೆ ರಸ್ತೆ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಎರಡೂ ಕಡೆ ಸೂರ್ಯಕಾಂತಿ, ನಡುವೆ ನಾವಿಬ್ಬರು. ಅವರು ಮಾತಾಡುತ್ತಿದ್ದರು, ನಾನು ಗುರುಗುಡುತ್ತಿದ್ದೆ. ಹಾಡು ಮಾತ್ರ ಅವರು ಎಂದೂ ಹಾಡಲಿಲ್ಲ.

ಒಮ್ಮೆ ಹುಬ್ಬಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಒಬ್ಬರು ನನ್ನ ಮೂಗು ಸವರಿ, “ಈ ಕಾರ್ ಮಾಡೂದು ನಿಂತು ಭಾಳ ದಿನ ಆತ್ರಿ. ಇನ್ನ ಪಾರ್ಟ್ ಸಿಗಂಗಿಲ್ಲ,” ಎಂದರು. ನಮ್ಮ ಮನೆತನದ ಕುಲುಮೆ ಆರಿತ್ತು, ನನಗೆ ಹೇಳುವವರೇ ಇರಲಿಲ್ಲ. ಹೇಮಾಬಾಯಿ ಆ ದಿನ ಊರ ಹೊರಗೆ ಬಂದು ನಿಲ್ಲಿಸಿ, ಸೆರಗಿನಿಂದ ನನ್ನ ಗಾಜು ಒರೆಸಿದರು.

“ಪಾರ್ಟ್ ಸಿಗದಿದ್ರ ಏನಾತು? ನನಗೂ ಸಿಗಲಿಲ್ಲ. ಓಡಾಕತ್ತೀವಿಲ್ಲ ಇಬ್ರೂ?”

ಹೌದು, ಓಡುತ್ತಿದ್ದೆವು. ಆದರೆ ಥಿಯೇಟರಿನ ಕುರ್ಚಿಗಳು ಖಾಲಿಯಾಗುತ್ತ ಬಂದವು. ಕೊನೆಗೆ ಒಂದು ಬೇಸಿಗೆ ಗುರುಪಾದಯ್ಯನವರು ಪರದೆಗಳನ್ನು ಮಡಚಿ, ಎಲ್ಲರ ಮುಂದೆ ಕೈ ಮುಗಿದರು. ಕಂಪನಿ ಮುಚ್ಚಿತು. ತಾವಾಗಿ ಮನೆಗೆ ಹೋಗಲಾರದ ಮುದುಕರನ್ನು, ಹೆಂಗಸರನ್ನು ಅವರವರ ಊರಿಗೆ ಮುಟ್ಟಿಸುವ ಕೆಲಸ ನಮ್ಮದಾಯಿತು. ದಸ್ತಗೀರನನ್ನು ಕುಂದಗೋಳದಲ್ಲಿ ಇಳಿಸಿದೆವು. ಅವನು ನನ್ನ ಬಾನೆಟ್ಟನ್ನು ಮುಟ್ಟಿ ಮುಟ್ಟಿ ನೋಡಿದ, ಅವನಿಗೆ ಕಾಣುವುದು ಕೈಯಿಂದಲೇ. ಪೆಟ್ಟಿಗೆ ಮಾಸ್ತರರು, ಅಡುಗೆಯ ಗೌರವ್ವ, ಒಬ್ಬೊಬ್ಬರೇ ಇಳಿದರು. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಹೊರಗೆ ಬಂದು ಅವರನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನಾನು ಹಗುರವಾಗುತ್ತ ಹೋದೆ. ಅಂಥ ಹಗುರ ಯಾರಿಗೂ ಬೇಡ.

ಕೊನೆಗೆ ಉಳಿದವಳು ಕಸ್ತೂರಿ. ಅವಳ ಮನೆ ನರಗುಂದದಲ್ಲಿ. ಗುಡ್ಡದ ಬುಡದ ಸಣ್ಣ ಮನೆ, ಅಂಗಳದಲ್ಲಿ ಬೇವಿನ ಮರ. ಸಂಜೆಯ ಬಿಸಿಲಿಗೆ ಗುಡ್ಡ ಅರಿಸಿನ ಹಚ್ಚಿಕೊಂಡಂತೆ ಇತ್ತು. ಕಸ್ತೂರಿ ಇಳಿದು ತನ್ನ ಟ್ರಂಕು ತೆಗೆದುಕೊಂಡಳು. ಹೇಮಾಬಾಯಿ ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ.

“ಬರ್ತೀನಿ ಕಸ್ತೂರಿ. ಚಲೋ ಇರು.”

“ಎಲ್ಲಿಗ್ರಿ ಅಕ್ಕಾ?”

ಹೇಮಾಬಾಯಿ ಮುಂದಿನ ಗಾಜಿನಿಂದ ರಸ್ತೆ ನೋಡಿದರು. ನನಗೂ ಗೊತ್ತಿರಲಿಲ್ಲ. ಎಷ್ಟೋ ಸಂಸಾರಗಳನ್ನು ಹೊಸ ನೆಲಕ್ಕೆ ಮುಟ್ಟಿಸಿದ ಮನೆತನ ನಮ್ಮದು, ಆದರೆ ನನಗೆ ಆ ಹೊತ್ತಿಗೆ ಒಂದು ದಾರಿಯೂ ಹೊಳೆಯಲಿಲ್ಲ.

ಕಸ್ತೂರಿ ನನ್ನ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದಳು. ಹೇಮಾಬಾಯಿಯವರ ಟ್ರಂಕನ್ನು ತಲೆಯ ಮೇಲೆ ಹೊತ್ತು ಒಳಗೆ ನಡೆದಳು. ಬಾಗಿಲಲ್ಲಿ ತಿರುಗಿ, “ಕಾರ್ ಬೇವಿನ ಗಿಡದ ಕೆಳಗ ಹಚ್ಚರಿ, ನೆರಳ ಐತಿ. ನೀರ ಕಾಯಾಕ ಇಡ್ತೀನಿ,” ಎಂದಳು.

ಹೇಮಾಬಾಯಿ ಸ್ಟಿಯರಿಂಗ್ ಬಿಟ್ಟು ಮುಖ ಮುಚ್ಚಿಕೊಂಡರು.

ಅವತ್ತಿನಿಂದ ನಾನು ಈ ಮರದ ಕೆಳಗೇ ಇದ್ದೇನೆ. ಗಾಲಿಗಳು ಮಣ್ಣಿಗಿಳಿದಿವೆ, ಮೂಗಿಗೆ ತುಕ್ಕು ಹಿಡಿದಿದೆ, ಬಾನೆಟ್ಟಿನ ಮೇಲೆ ಕಸ್ತೂರಿಯ ಕೋಳಿಗಳು ಮಲಗುತ್ತವೆ. ಹಳೇ ಕಬ್ಬಿಣದವನು ಬಂದರೆ ಕಸ್ತೂರಿ ಹೊರಗಿನಿಂದಲೇ ಸಾಗಹಾಕುತ್ತಾಳೆ. ಸಂಜೆ ಹೇಮಾಬಾಯಿ ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಈಗ ಹಾಡುತ್ತಾರೆ. ದನಿ ಕಿರುಗುಟ್ಟುತ್ತದೆ, ಮೇಲಿನ ಸ್ವರ ಸಿಗುವುದಿಲ್ಲ. ಅವರಿಗೆ ಸಿಗದ ಸ್ವರವನ್ನು ಒಲೆಯ ಮುಂದೆ ಕೂತ ಕಸ್ತೂರಿ ಒಳಗಿನಿಂದಲೇ ಎತ್ತಿಕೊಳ್ಳುತ್ತಾಳೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ.

ನನ್ನನ್ನು ಮಾಡಿದವರ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ನನ್ನೊಳಗೆ ಮಾತ್ರ ಇನ್ನೂ ಒಬ್ಬರು ಕೂತಿದ್ದಾರೆ.